ಪಿಸ್ತೂಲು ಕೈಕೊಟ್ಟಾಗ: ಲಕ್ಷಣ ನೋಡಿ ದೋಷ ಪತ್ತೆ ಹಚ್ಚುವ ಬಗೆ

ಅಭ್ಯಾಸದ ನಡುವೆ ಪಿಸ್ತೂಲು ನಿಂತುಹೋದರೆ ಹೆಚ್ಚಿನವರ ಕೈ ತಾನಾಗಿಯೇ ಸ್ಲೈಡಿನ (ಪಿಸ್ತೂಲಿನ ಮೇಲ್ಭಾಗದಲ್ಲಿ ಹಿಂದೆ ಮುಂದೆ ಸರಿಯುವ ಭಾಗ) ಮೇಲೆ ಹೋಗುತ್ತದೆ. ಒಮ್ಮೆ ಜಗ್ಗಿ ಬಿಟ್ಟರೆ ಸಿಕ್ಕಿಕೊಂಡದ್ದು ಹೊರಗೆ ಹಾರುತ್ತದೆ, ಅಭ್ಯಾಸ ಮುಂದುವರಿಯುತ್ತದೆ. ಆದರೆ ದೋಷಕ್ಕೆ ಕಾರಣ ಹೇಳಬಹುದಾಗಿದ್ದ ಸಾಕ್ಷಿಯೂ ಅದರ ಜೊತೆಗೇ ಹಾರಿಹೋಗಿರುತ್ತದೆ. ಸ್ವಲ್ಪ ಹೊತ್ತಿಗೆ ಅದೇ ತೊಂದರೆ ಮತ್ತೆ ಎದುರಾಗುತ್ತದೆ. ಆಗಲೂ ಅದೇ ಜಗ್ಗಾಟ. ಹವ್ಯಾಸಕ್ಕಾಗಿ ಗುರಿ ಅಭ್ಯಾಸ ಮಾಡುವವರಿಗೆ ಯಾವ ಅವಸರವೂ ಇಲ್ಲ. ಮೊದಲು ನೋಡಿ, ಆಮೇಲೆ ಮುಟ್ಟಿ. ಸ್ಲೈಡ್ ಎಲ್ಲಿ ನಿಂತಿದೆ, ಒಳಗಿರುವುದು ತುಂಬಿದ ಕಾಡತೂಸೋ ಗುಂಡು ಹಾರಿದ ಮೇಲೆ ಉಳಿದ ಖಾಲಿ ಕೋಶವೋ, ಅದು ಯಾವ ಕೋನದಲ್ಲಿದೆ ಎಂಬ ಮೂರು ಸಂಗತಿಗಳನ್ನು ಕಣ್ಣಳತೆಯಲ್ಲಿ ತಿಳಿದುಕೊಂಡರೆ ಅರ್ಧ ಪತ್ತೆ ಮುಗಿದಂತೆಯೇ.

ಸಂಶಯಪಡುವುದಕ್ಕೂ ಒಂದು ಕ್ರಮವಿದೆ. ಮೊದಲು ಕಾಡತೂಸು, ಬಳಿಕ ಮ್ಯಾಗಜೀನ್ (ಕಾಡತೂಸುಗಳನ್ನು ತುಂಬಿಡುವ ಡಬ್ಬಿ), ಬಳಿಕ ಹಿಡಿದ ಕೈ, ಬಳಿಕ ಕೊಳೆ, ಕೊನೆಗೆ ಬಿಡಿಭಾಗ. ಪರೀಕ್ಷಿಸಲು ಅಗ್ಗವಾದದ್ದು ಮುಂದೆ, ದುಬಾರಿಯಾದದ್ದು ಹಿಂದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಕಾಡತೂಸಿನ ಬ್ರ್ಯಾಂಡ್, ಮ್ಯಾಗಜೀನ್, ಸ್ಪ್ರಿಂಗ್ ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಪಿಸ್ತೂಲು ಸರಿಯಾಗಬಹುದು, ಆದರೆ ಸರಿಯಾದದ್ದು ಯಾವುದರಿಂದ ಎಂದು ಎಂದಿಗೂ ತಿಳಿಯುವುದಿಲ್ಲ.

ಯಾವ ಪರೀಕ್ಷೆಗೂ ಮೊದಲು

ನಳಿಗೆಯ ಬಾಯಿ ಗುರಿಯ ಕಡೆಗೇ ಇರಲಿ. ದೋಷ ನೋಡಲೆಂದು ಪಿಸ್ತೂಲನ್ನು ಮುಖದ ಕಡೆಗೋ ಪಕ್ಕದವರ ಕಡೆಗೋ ತಿರುಗಿಸಬೇಡಿ. ರೇಂಜಿನಲ್ಲಿ ಗಾಬರಿ ಹುಟ್ಟಿಸುವ ದೃಶ್ಯಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲಿಯೇ: ಗುರಿ ಇಡುವಾಗ ಎಚ್ಚರದಿಂದಿದ್ದವರು, ಪಿಸ್ತೂಲು ಸಿಕ್ಕಿಕೊಂಡ ಕೂಡಲೇ ಅದನ್ನು ಹಿಡಿದುಕೊಂಡೇ ಹಿಂದಕ್ಕೆ ತಿರುಗಿ ಪಕ್ಕದವರಿಗೆ ತೋರಿಸಲು ಹೋಗುತ್ತಾರೆ. ಬೆರಳು ಟ್ರಿಗರ್ ಕಾವಲಿನ ಹೊರಗಿರಲಿ. ಸಹಾಯ ಬೇಕಾದರೆ ಇನ್ನೊಂದು ಕೈ ಎತ್ತಿ ರೇಂಜ್ ಅಧಿಕಾರಿಯನ್ನು ಕರೆಯಿರಿ. ಅವರೇ ನಿಮ್ಮ ಬಳಿಗೆ ಬರಲಿ.

ಖಾಲಿ ಮಾಡುವ ಕ್ರಮ ತಪ್ಪಬಾರದು. ಮೊದಲು ಮ್ಯಾಗಜೀನ್ ತೆಗೆಯಬೇಕು, ಆಮೇಲೆ ಸ್ಲೈಡ್ ಎಳೆಯಬೇಕು. ಇದನ್ನು ಹಿಂದುಮುಂದು ಮಾಡಿದರೆ ಚೇಂಬರಿನಿಂದ (ಸಿಡಿಯುವ ಕಾಡತೂಸು ಕೂರುವ ನಳಿಗೆಯ ಹಿಂಭಾಗ) ಒಂದು ಕಾಡತೂಸು ಹೊರಬಿದ್ದು, ಮ್ಯಾಗಜೀನಿನಿಂದ ಇನ್ನೊಂದು ಒಳಗೆ ಹೋಗಿ ಕೂರುತ್ತದೆ; ನೆಲಕ್ಕೆ ಬಿದ್ದ ಕಾಡತೂಸನ್ನು ನೋಡಿದವರು ಪಿಸ್ತೂಲು ಖಾಲಿಯಾಯಿತೆಂದು ನಂಬುತ್ತಾರೆ. ಸ್ಲೈಡನ್ನು ಹಿಂದೆ ನಿಲ್ಲಿಸಿ ಚೇಂಬರನ್ನು ಕಣ್ಣಿನಿಂದ ನೋಡಿ, ಕಿರುಬೆರಳಿನ ತುದಿಯಿಂದ ಮುಟ್ಟಿಯೂ ನೋಡಿ. ಮನೆಯಲ್ಲಿ ಬಿಚ್ಚುವಾಗ ಆ ಕೋಣೆಯಲ್ಲಿ ಒಂದೇ ಒಂದು ಜೀವಂತ ಕಾಡತೂಸೂ ಇರಬಾರದು.

ಪಿಸ್ತೂಲನ್ನು ಶುಚಿ ಮಾಡುವಾಗಲೂ ಕನ್ನಡಕ ಹಾಕಿಕೊಳ್ಳಿ, ಒತ್ತಿ ಕೂತ ಸ್ಪ್ರಿಂಗ್ ಕಣ್ಣಿಗೇ ಹಾರಬಹುದು. ಕಿವಿಯ ವಿಷಯ ಇನ್ನೂ ಗಂಭೀರ. ಹಠಾತ್ ಸದ್ದಿಗೆ 140 ಡೆಸಿಬಲ್ ಅಪಾಯದ ಗೆರೆ ಎಂದು ಪರಿಗಣಿಸುತ್ತಾರೆ, 9 ಮಿ.ಮೀ. ಪಿಸ್ತೂಲಿನ ಸದ್ದು 160ರ ಆಸುಪಾಸಿನಲ್ಲಿರುತ್ತದೆ. ಒಳಾಂಗಣ ರೇಂಜಿನಲ್ಲಿ ಕಿವಿಯೊಳಗಿನ ಪ್ಲಗ್ ಮತ್ತು ಮೇಲಿನ ಮಫ್ ಎರಡನ್ನೂ ಒಟ್ಟಿಗೆ ಹಾಕಿಕೊಳ್ಳುವುದು ಅತಿಯಲ್ಲ.

ಟ್ರಿಗರ್ ಎಳೆದೆ, "ಟಕ್" ಎಂದಿತು, ಸಿಡಿಯಲಿಲ್ಲ

ಕೈ ಅಲುಗಿಸಬೇಡಿ. ಗುರಿಯತ್ತ ಹಿಡಿದುಕೊಂಡೇ ಕನಿಷ್ಠ 30 ಸೆಕೆಂಡು ಕಾಯಿರಿ. ಪ್ರೈಮರ್ (ಕಾಡತೂಸಿನ ಬುಡದಲ್ಲಿ ಕಿಡಿ ಹುಟ್ಟಿಸುವ ಭಾಗ) ಕಿಡಿ ಕೊಟ್ಟರೂ ಒಳಗಿನ ಮದ್ದು ತಡವಾಗಿ ಹೊತ್ತಿಕೊಳ್ಳುವುದುಂಟು. ಅಪರೂಪ, ಆದರೆ ಆ ಹೊತ್ತಿಗೆ ಕಾಡತೂಸು ಚೇಂಬರಿನ ಹೊರಗೆ, ನಿಮ್ಮ ಕೈಯ ಹತ್ತಿರ ಇದ್ದರೆ ಹಿತ್ತಾಳೆಯ ಕೋಶ ಚೂರಾಗಿ ಸಿಡಿಯುತ್ತದೆ. ಮ್ಯಾಗಜೀನಿನ ತಳಕ್ಕೆ ತಟ್ಟಿ ಕೂಡಲೇ ಸ್ಲೈಡ್ ಎಳೆಯುವ ಅಭ್ಯಾಸ ಆತ್ಮರಕ್ಷಣೆಯ ತರಬೇತಿಯಿಂದ ಬಂದದ್ದು. ಗುರಿ ಅಭ್ಯಾಸದಲ್ಲಿ ಅದಕ್ಕೆ ಕಾರಣವೇ ಇಲ್ಲ.

ಕಾದ ಬಳಿಕ ಮ್ಯಾಗಜೀನ್ ತೆಗೆದು, ಕಾಡತೂಸನ್ನು ಹೊರತೆಗೆದು, ಅದರ ಬುಡವನ್ನು ಬೆಳಕಿಗೆ ಹಿಡಿದು ನೋಡಿ. ಫೈರಿಂಗ್ ಪಿನ್ (ಪ್ರೈಮರಿಗೆ ಬಡಿಯುವ ಕಡ್ಡಿ) ಪ್ರೈಮರಿನ ಮೇಲೆ ಮಾಡಿದ ತಗ್ಗು ಎಲ್ಲವನ್ನೂ ಹೇಳುತ್ತದೆ.

*ಏನೂ ಹೊರಬರಲಿಲ್ಲ.* ಚೇಂಬರ್ ಖಾಲಿಯಿತ್ತು. ಮ್ಯಾಗಜೀನ್ ಪೂರ್ತಿ ಕೂತಿರಲಿಲ್ಲ; ಆದ್ದರಿಂದ ಸ್ಲೈಡ್ ಮುಂದೆ ಬರುವಾಗ ಮೇಲಿನ ಕಾಡತೂಸನ್ನು ಹಿಡಿಯಲಿಲ್ಲ. ತುಂಬಾ ಸಾಮಾನ್ಯ. ಮ್ಯಾಗಜೀನನ್ನು ಅಂಗೈಯಿಂದ ಗಟ್ಟಿಯಾಗಿ ಒತ್ತಿ, ಕೆಳಕ್ಕೆ ಒಮ್ಮೆ ಎಳೆದು ನೋಡಿ. ಪೂರ್ತಿ ತುಂಬಿದ ಮ್ಯಾಗಜೀನನ್ನು ಸ್ಲೈಡ್ ಮುಚ್ಚಿದ್ದಾಗ ಕೂರಿಸಲು ಹೆಚ್ಚು ಬಲ ಬೇಕು. ಒಂದು ಕಾಡತೂಸು ಕಡಿಮೆ ತುಂಬಿದರೆ ಎಷ್ಟೋ ಸಲ ತೊಂದರೆ ಅಲ್ಲಿಗೇ ಮುಗಿಯುತ್ತದೆ.

*ತಗ್ಗು ಆಳವಾಗಿದೆ, ನಡುವಿನಲ್ಲೇ ಇದೆ.* ಪಿಸ್ತೂಲು ತನ್ನ ಕೆಲಸ ಮಾಡಿದೆ, ಕಾಡತೂಸು ಮಾಡಿಲ್ಲ. ತೇವ, ಹಳೆಯ ದಾಸ್ತಾನು, ಎಣ್ಣೆ ತಗುಲಿದ ಪ್ರೈಮರ್ ಮುಂತಾದವು ಕಾರಣ. ಸಂದಿಗಳಿಗೆ ನುಗ್ಗುವ ಸ್ಪ್ರೇ ಎಣ್ಣೆಯನ್ನು ಹೇರಳವಾಗಿ ಹೊಡೆದ ಪಿಸ್ತೂಲಿನಲ್ಲಿ ಕಾಡತೂಸನ್ನು ಬಹುಕಾಲ ಬಿಟ್ಟರೆ ಎಣ್ಣೆ ಪ್ರೈಮರಿನ ಅಂಚಿನಿಂದ ಒಳಗಿಳಿದು ಅದನ್ನು ಸಾಯಿಸಬಲ್ಲದು. .22 ಅಳತೆಯ ಸಣ್ಣ ಕಾಡತೂಸಿನಲ್ಲಿ ನಡುವೆ ಪ್ರೈಮರ್ ಇರುವುದಿಲ್ಲ. ಸ್ಫೋಟಕ ಲೇಪ ಬುಡದ ಅಂಚಿನ ಸುತ್ತ ಇರುತ್ತದೆ. ಅದು ಎಲ್ಲೆಡೆ ಸಮನಾಗಿ ಹರಡಿರದಿದ್ದರೆ ಪಿನ್ ಬಡಿದ ಜಾಗದಲ್ಲಿ ಲೇಪವೇ ಇಲ್ಲದಿರಬಹುದು. ಹೀಗಾಗಿ ಅಗ್ಗದ .22 ಪೆಟ್ಟಿಗೆಯಲ್ಲಿ ಆಗೊಮ್ಮೆ ಈಗೊಮ್ಮೆ ಸಿಡಿಯದ ಕಾಡತೂಸು ಸಿಕ್ಕರೆ ಪಿಸ್ತೂಲನ್ನು ದೂರಬೇಡಿ. ಬೇರೆ ಬ್ರ್ಯಾಂಡಿನ ಒಂದು ಪೆಟ್ಟಿಗೆ ಹಾರಿಸಿ ನೋಡುವುದೇ ಇಲ್ಲಿಯ ಅಗ್ಗದ ಪರೀಕ್ಷೆ.

*ತಗ್ಗು ತೆಳ್ಳಗಿದೆ.* ಪಿನ್ ಬಡಿದಿದೆ, ಬಲ ಸಾಲಲಿಲ್ಲ. ಮೊದಲ ಸಂಶಯ ಕೊಳೆಯ ಮೇಲೆ. ಫೈರಿಂಗ್ ಪಿನ್ ಓಡಾಡುವ ಕೊರೆಯಲ್ಲಿ ಎಣ್ಣೆ ಇರಲೇಬಾರದು. ಎಣ್ಣೆಗೆ ಮಸಿ ಅಂಟಿ ಅಂಟುಪಾಕವಾಗಿ ಪಿನ್ನಿನ ವೇಗವನ್ನು ಕೊಲ್ಲುತ್ತದೆ. ಚಳಿಯಲ್ಲಿ ಇದು ಹೆಚ್ಚು. ಎರಡನೆಯದು ಸ್ಲೈಡ್ ಕೂದಲೆಳೆಯಷ್ಟು ತೆರೆದೇ ಇದ್ದದ್ದು. ಮೂರನೆಯದು ದಣಿದ ಸ್ಪ್ರಿಂಗ್, ಅಥವಾ ಟ್ರಿಗರ್ ಹಗುರವಾಗಲೆಂದು ಯಾರೋ ಹಾಕಿಸಿದ ತೆಳು ಸ್ಪ್ರಿಂಗ್. ಹಳೆಯ ಪಿಸ್ತೂಲು ಕೊಂಡವರು ಇದನ್ನು ತಪ್ಪದೆ ವಿಚಾರಿಸಬೇಕು. ಹಿಂದಿನ ಮಾಲೀಕರು ಮಾಡಿಸಿದ ಬದಲಾವಣೆ ಕಾಗದಪತ್ರದಲ್ಲಿ ಬರೆದಿರುವುದಿಲ್ಲ.

*ತಗ್ಗೇ ಇಲ್ಲ.* ಪಿನ್ ಮುಂದೆ ಬರುತ್ತಿಲ್ಲ: ಮುರಿದಿರಬಹುದು, ಕೊಳೆಯಲ್ಲಿ ಸಿಕ್ಕಿರಬಹುದು. ರಿಪೇರಿಯವರ ಬಳಿ ಒಯ್ಯಬೇಕಾದ ಮಾತು.

ಇನ್ನು "ಟಕ್" ಎಂಬ ಸದ್ದೂ ಬರದೆ ಟ್ರಿಗರ್ ಸತ್ತಂತಿದ್ದರೆ, ಸುರಕ್ಷತಾ ಗುಂಡಿ ನೋಡಿ, ಸ್ಲೈಡ್ ಮುಚ್ಚಿದೆಯೇ ನೋಡಿ, ಟ್ರಿಗರನ್ನು ಪೂರ್ತಿ ಮುಂದಕ್ಕೆ ಬಿಟ್ಟಿದ್ದೀರಾ ನೋಡಿ. ಮ್ಯಾಗಜೀನ್ ಇಲ್ಲದಿದ್ದರೆ ಸಿಡಿಯದ ಮಾದರಿಗಳೂ ಇವೆ.

ಸದ್ದು ಎಂದಿನಂತಿರಲಿಲ್ಲ, ಒದೆತವೂ ಬರಲಿಲ್ಲ

ಈ ಇಡೀ ಕೈಪಿಡಿಯಲ್ಲಿ ನೆನಪಿಡಲೇಬೇಕಾದ ಭಾಗ ಇದು. "ಢಮ್" ಬದಲು "ಪುಸ್" ಎಂದಿತು, ಕೈಗೆ ತಳ್ಳಿದಂತೆ ಆಗಲಿಲ್ಲ, ಗುರಿಹಾಳೆಯಲ್ಲಿ ಹೊಸ ತೂತಿಲ್ಲ. ಇಷ್ಟರಲ್ಲಿ ಒಂದಾದರೂ ಕಂಡರೆ ಅಲ್ಲಿಗೇ ನಿಲ್ಲಿಸಿ. ಕಾಡತೂಸಿನಲ್ಲಿ ಮದ್ದು ಇಲ್ಲವೇ ಇಲ್ಲದೆ ಅಥವಾ ತೀರಾ ಕಡಿಮೆಯಿದ್ದು, ಪ್ರೈಮರಿನ ಬಲಕ್ಕೆ ಮಾತ್ರ ಗುಂಡು ನಳಿಗೆಯೊಳಗೆ ಒಂದಿಷ್ಟು ದೂರ ಹೋಗಿ ಸಿಕ್ಕಿಕೊಂಡಿರಬಹುದು. ಅದರ ಹಿಂದೆ ಇನ್ನೊಂದು ಗುಂಡು ಹಾರಿಸಿದರೆ ಒತ್ತಡ ಹೊರಹೋಗಲು ದಾರಿಯಿಲ್ಲದೆ ನಳಿಗೆ ಉಬ್ಬುತ್ತದೆ ಅಥವಾ ಸೀಳುತ್ತದೆ.

ಇದರ ಕೆಡುಕು ಎಲ್ಲಿದೆ ಎಂದರೆ, ಕೆಲವೊಮ್ಮೆ ಸ್ಲೈಡ್ ಹಿಂದೆ ಹೋಗದೆ ಪಿಸ್ತೂಲು ತಾನಾಗಿ ನಿಲ್ಲುತ್ತದೆ. ಶೂಟರ್ ಅದನ್ನು ಸಾಮಾನ್ಯ ಸಿಕ್ಕು ಎಂದುಕೊಂಡು ಸ್ಲೈಡ್ ಎಳೆದು ಮುಂದಿನ ಕಾಡತೂಸನ್ನು ತಾನೇ ತುಂಬುತ್ತಾನೆ. ಯೋಚಿಸದೆ ಸ್ಲೈಡ್ ಎಳೆಯಬೇಡಿ ಎಂದು ಮೊದಲೇ ಒತ್ತಿ ಹೇಳಿದ್ದಕ್ಕೆ ಇದಕ್ಕಿಂತ ದೊಡ್ಡ ಕಾರಣವಿಲ್ಲ.

ಇಲ್ಲಿಯೂ ಗುರಿಯತ್ತ ಹಿಡಿದು 30 ಸೆಕೆಂಡು ಕಾದು, ಖಾಲಿ ಮಾಡಿ, ರೇಂಜ್ ಅಧಿಕಾರಿಗೆ ತಿಳಿಸಿ. ನಳಿಗೆಯನ್ನು ಪಿಸ್ತೂಲಿನಿಂದ ಬಿಚ್ಚಿ ತೆಗೆದ ಮೇಲೆಯೇ ಅದರೊಳಗೆ ಬೆಳಕು ಹಾಯಿಸಿ ನೋಡಬೇಕು. ಬೆಳಕು ಆಚೆ ಬರದಿದ್ದರೆ ಗುಂಡು ಒಳಗಿದೆ. ಅದನ್ನು ಇನ್ನೊಂದು ಗುಂಡು ಹೊಡೆದು ಹೊರದೂಡುವ ಆಲೋಚನೆ ಕನಸಿನಲ್ಲಿಯೂ ಬೇಡ. ಉಕ್ಕಿನ ಸರಳು ಹಾಕಿ ಬಡಿದರೆ ನಳಿಗೆಯ ಒಳಗಿನ ತಿರುಗೆರೆಗಳು ಹಾಳಾಗುತ್ತವೆ. ಇದು ನುರಿತವರ ಕೆಲಸ. ಉಳಿದ ಕಾಡತೂಸುಗಳ ಪೆಟ್ಟಿಗೆಯನ್ನೂ ಬದಿಗಿಡಿ. ಕೈಯಿಂದ ಮದ್ದು ತುಂಬಿದ ಕಾಡತೂಸುಗಳಾದರೆ ಆ ಸರದಿಯ ಒಂದನ್ನೂ ಬಳಸಬೇಡಿ.

ಸ್ಲೈಡ್ ಅರ್ಧಕ್ಕೆ ನಿಂತಿದೆ, ಒಳಗಿರುವುದು ತುಂಬಿದ ಕಾಡತೂಸು

ಕಾಡತೂಸಿನ ಮೂತಿ ಎತ್ತ ನೋಡುತ್ತಿದೆ? ಕೆಳಗೆ ಬಾಗಿ ಚೇಂಬರಿನ ಕೆಳಗಿನ ಇಳಿಜಾರಿಗೆ ಗುದ್ದಿದ್ದರೆ ಮ್ಯಾಗಜೀನಿನ ಸ್ಪ್ರಿಂಗ್ ಸಕಾಲಕ್ಕೆ ಮೇಲಕ್ಕೆ ತಳ್ಳಿಲ್ಲ ಎಂದರ್ಥ. ಮೇಲಕ್ಕೆ ಎದ್ದು ಚೇಂಬರಿನ ಮೇಲಂಚಿಗೆ ತಗುಲಿದ್ದರೆ ಮ್ಯಾಗಜೀನಿನ ತುಟಿಗಳು ಅಗಲಗೊಂಡು ಕಾಡತೂಸನ್ನು ಬೇಗ ಬಿಟ್ಟುಕೊಟ್ಟಿವೆ. ಎರಡರಲ್ಲೂ ಸಂಶಯ ಮ್ಯಾಗಜೀನಿನ ಮೇಲೆಯೇ.

ನನ್ನ ಅಭಿಪ್ರಾಯದಲ್ಲಿ ಪಿಸ್ತೂಲಿನ ಒಡೆಯನಾದವನು ಮಾಡಬಹುದಾದ ಅತಿ ಅಗ್ಗದ, ಅತಿ ಉಪಯುಕ್ತ ಕೆಲಸವೆಂದರೆ ಪ್ರತಿ ಮ್ಯಾಗಜೀನಿನ ತಳಕ್ಕೆ ಅಳಿಸದ ಶಾಯಿಯಲ್ಲಿ ಒಂದು ಸಂಖ್ಯೆ ಬರೆಯುವುದು. ಒಂದೇ ಬಗೆಯ ಮೂರು ಮ್ಯಾಗಜೀನುಗಳಲ್ಲಿ ತೊಂದರೆ ಕೊಡುತ್ತಿರುವುದು ಯಾವುದು ಎಂದು ನೆನಪಿನಿಂದ ಹೇಳಲಾಗದು. ತೊಂದರೆ ಬಂದಾಗಲೆಲ್ಲ ಸಂಖ್ಯೆ ಬರೆದುಕೊಳ್ಳಿ. ಸದಾ ಎರಡನೆಯದೇ ಆದರೆ ಉತ್ತರ ಸಿಕ್ಕಿತು. ಎಲ್ಲದರಲ್ಲೂ ಬಂದರೆ ಮ್ಯಾಗಜೀನ್ ನಿರಪರಾಧಿ, ಮುಂದಕ್ಕೆ ಸಾಗಿ.

ತಪ್ಪಿತಸ್ಥ ಮ್ಯಾಗಜೀನನ್ನು ಬಿಚ್ಚಿ, ಒಳಗೆ ಒಣಬಟ್ಟೆಯಿಂದ ಒರೆಸಿ. ಅಲ್ಲಿ ಎಣ್ಣೆ ಬೇಡ, ಧೂಳು ಹಿಡಿಯುತ್ತದೆ. ಕಾಡತೂಸನ್ನು ಮೇಲೆತ್ತುವ ತಟ್ಟೆಯನ್ನು ಬೆರಳಿನಿಂದ ಒತ್ತಿ ಬಿಡಿ. ಅದು ತಡೆಯಿಲ್ಲದೆ ಮೇಲೆ ಬರಬೇಕು. ತುಟಿಗಳು ಬಾಗಿದ್ದರೆ ಇಕ್ಕಳ ಹಿಡಿದು ಸರಿಪಡಿಸಲು ಹೋಗಬೇಡಿ. ಹೊಸ ಮ್ಯಾಗಜೀನ್ ತನ್ನಿ, ಹಳೆಯದು ನಿವೃತ್ತಿಯಾಗಲಿ.

ಮೂತಿ ನೇರವಾಗಿ ಚೇಂಬರಿನೊಳಗೇ ಇದೆ, ಸ್ಲೈಡ್ ಮಾತ್ರ ಎರಡು ಮೂರು ಮಿ.ಮೀ. ಹಿಂದೆ ಉಳಿದಿದೆ ಎಂದಾದರೆ ಕಥೆ ಬೇರೆ. ಸ್ಲೈಡಿಗೆ ಹಿಂದಿನಿಂದ ಗುದ್ದಿ ಮುಚ್ಚಿಸುವ ಅಭ್ಯಾಸ ಕೆಟ್ಟದ್ದು. ಒಳಗೆ ಹೋಗಲಾರೆ ಎನ್ನುವ ಕಾಡತೂಸನ್ನು ಬಲವಂತವಾಗಿ ನೂಕಿದರೆ ತೆಗೆಯುವುದು ಇನ್ನೂ ಕಷ್ಟ. ಖಾಲಿ ಮಾಡಿ ಈ ಕ್ರಮದಲ್ಲಿ ನೋಡಿ.

ಸ್ಲೈಡನ್ನು ಕೈಯಲ್ಲಿ ಹಿಡಿದುಕೊಂಡೇ ನಿಧಾನವಾಗಿ ಮುಂದಕ್ಕೆ ಬಿಟ್ಟಿರಾ? ಸ್ಪ್ರಿಂಗ್ ಪೂರ್ತಿ ಬಲದಿಂದ ಹೊಡೆಯಬೇಕು, ಎಳೆದು ಕೈಬಿಡಿ. ಚೇಂಬರ್ ಕೊಳೆಯಾಗಿದೆಯೇ? .22ರಲ್ಲಿ ಸೀಸ ಮತ್ತು ಮೇಣ ಸೇರಿ ಚೇಂಬರಿನ ಮುಂದೆ ಉಂಗುರದಂತೆ ಕಟ್ಟಿಕೊಳ್ಳುತ್ತವೆ. ಇದಕ್ಕೆ ಚೇಂಬರಿನ ಅಳತೆಯ ಕಂಚಿನ ಬ್ರಷ್ ಮತ್ತು ದ್ರಾವಣ ಸಾಕು. ಕಾಡತೂಸೇ ಅಳತೆ ಮೀರಿದೆಯೇ? ಬಿಚ್ಚಿದ ನಳಿಗೆಯನ್ನು ಬಾಯಿ ಕೆಳಗಾಗಿ ಹಿಡಿದು ಚೇಂಬರಿಗೆ ಕಾಡತೂಸನ್ನು ಬಿಡಿ. ಸರಿಯಾದದ್ದು "ಟಣ್" ಎಂದು ತನ್ನ ಭಾರಕ್ಕೇ ಕೂರುತ್ತದೆ, ಬೆರಳಿನಿಂದ ತಿರುಗಿಸಿದರೆ ಸಲೀಸಾಗಿ ತಿರುಗುತ್ತದೆ, ನಳಿಗೆ ಮಗುಚಿದರೆ ತಾನಾಗಿ ಬೀಳುತ್ತದೆ. ಹಾಗಾಗದ್ದನ್ನು ಬದಿಗಿಡಿ. ಇದನ್ನು ರೇಂಜಿನಲ್ಲಿ, ನಳಿಗೆ ಪಿಸ್ತೂಲಿನಿಂದ ಬೇರೆಯಾಗಿರುವಾಗ ಮಾತ್ರ ಮಾಡಿ.

ಕಾಡತೂಸಿನ ಬುಡದ ಬರಹವನ್ನೂ ಓದಿ. "9 ಮಿ.ಮೀ." ಎಂಬ ಹೆಸರಿನ ಹಿಂದೆ ಬೇರೆ ಬೇರೆ ಕಾಡತೂಸುಗಳಿವೆ. 1902ರಲ್ಲಿ ಬಂದ 9×19 ಎಲ್ಲೆಡೆ ಬಳಕೆಯಲ್ಲಿರುವಂಥದ್ದು; .380 ಎಂದೂ ಕರೆಯುವ 9×17 ಅದಕ್ಕಿಂತ ಗಿಡ್ಡ. 9×18 ಮಕರೋವ್‌ನ ಗುಂಡು ಇನ್ನೂ ದಪ್ಪ, ಸುಮಾರು 9.27 ಮಿ.ಮೀ. ಒಂದರ ಜಾಗದಲ್ಲಿ ಇನ್ನೊಂದು ಸಲ್ಲದು. .22 ಲಾಂಗ್ ರೈಫಲ್ ಕಾಡತೂಸು .22 ಮ್ಯಾಗ್ನಮ್ ಚೇಂಬರಿಗೆ ಸಡಿಲವಾಗಿ ಹೋಗುತ್ತದೆ, ಹಾರಿಸಿದರೆ ಕೋಶ ಸೀಳುತ್ತದೆ. ಬಿಡಿ ಕಾಡತೂಸುಗಳನ್ನು ಒಂದೇ ಚೀಲದಲ್ಲಿ ಬೆರೆಸಿ ಇಡುವುದನ್ನು ಇಂದೇ ಬಿಡಿ.

ಇಷ್ಟೆಲ್ಲ ಸರಿಯಿದ್ದರೆ ಸ್ಲೈಡನ್ನು ಮುಂದಕ್ಕೆ ತಳ್ಳುವ ಮುಖ್ಯ ಸ್ಪ್ರಿಂಗ್ ದಣಿದಿದೆ. ಎಷ್ಟು ಗುಂಡುಗಳಿಗೊಮ್ಮೆ ಬದಲಿಸಬೇಕೆಂದು ತಯಾರಕರ ಪುಸ್ತಿಕೆಯಲ್ಲಿರುತ್ತದೆ. ಹಲವು 9 ಮಿ.ಮೀ. ಪಿಸ್ತೂಲುಗಳಿಗೆ ಇದು ಕೆಲವು ಸಾವಿರ ಗುಂಡುಗಳ ಲೆಕ್ಕ. ಬೆಲೆ ಕಡಿಮೆ, ಮಾಲೀಕರೇ ಬದಲಿಸಬಹುದಾದ ಭಾಗ.

ಸ್ಲೈಡ್ ಖಾಲಿ ಕೋಶವನ್ನು ಕಚ್ಚಿ ನಿಂತಿದೆ

ಹಾರಿದ ಕಾಡತೂಸಿನ ಕೋಶ ಹೊರಹೋಗುವ ಕಿಂಡಿಯಲ್ಲಿ ಒಲೆಯ ಹೊಗೆ ಕೊಳವೆಯಂತೆ ನೆಟ್ಟಗೆ ನಿಂತಿದ್ದರೆ, ಅದು ಚೇಂಬರಿನಿಂದ ಬಂದಿದೆ, ಆದರೆ ಸ್ಲೈಡ್ ಸಾಕಷ್ಟು ಹಿಂದೆ, ಸಾಕಷ್ಟು ವೇಗವಾಗಿ ಹೋಗಿಲ್ಲ.

ಮೊದಲು ಕಾಡತೂಸು: ದುರ್ಬಲ ಮದ್ದಿನದಾದರೆ ಹೀಗಾಗುತ್ತದೆ. ಆಮೇಲೆ ಕೈ. ಒದೆತದ ಬಲದಿಂದಲೇ ನಡೆಯುವ ಪಿಸ್ತೂಲಿನಲ್ಲಿ ಸ್ಲೈಡ್ ಹಿಂದೆ ಓಡುವಾಗ ಹಿಡಿಕೆ ಕದಲದೆ ನಿಂತಿರಬೇಕು. ಮಣಿಕಟ್ಟು ಸಡಿಲವಾಗಿದ್ದರೆ ಇಡೀ ಪಿಸ್ತೂಲೇ ಹಿಂದಕ್ಕೆ ಹೋಗುತ್ತದೆ, ಸ್ಲೈಡಿನ ಓಟ ಮೊಟಕಾಗುತ್ತದೆ. ಹಗುರವಾದ ಪುಟ್ಟ ಪಿಸ್ತೂಲುಗಳು ಇದನ್ನು ಒಂಚೂರೂ ಸಹಿಸುವುದಿಲ್ಲ. ಇದು ಕೈಯ ದೋಷವೋ ಯಂತ್ರದ್ದೋ ಎಂದು ತಿಳಿಯಲು ಒಂದು ಪೈಸೆ ಖರ್ಚಿಲ್ಲದ ಪರೀಕ್ಷೆಯಿದೆ: ಅದೇ ಪಿಸ್ತೂಲು, ಅದೇ ಮ್ಯಾಗಜೀನ್, ಅದೇ ಪೆಟ್ಟಿಗೆಯ ಕಾಡತೂಸುಗಳನ್ನು ನುರಿತ ಶೂಟರ್ ಒಬ್ಬರ ಕೈಗೆ ಕೊಡಿ. ಅವರಿಗೆ ಸಲೀಸಾಗಿ ನಡೆದರೆ ಹಣ ಖರ್ಚು ಮಾಡುವ ಮೊದಲು ಹಿಡಿತ ತಿದ್ದಿಕೊಳ್ಳಿ. ಹೊಸಬರಿಗೆ ಇದನ್ನು ಹೇಳುವಾಗ ಮೆಲುವಾಗಿ ಹೇಳಬೇಕು; ತಪ್ಪು ಶಕ್ತಿಯದಲ್ಲ, ಮಣಿಕಟ್ಟನ್ನು ಬಿಗಿಹಿಡಿಯುವ ರೂಢಿಯದು.

ಕೋಶ ಚೇಂಬರಿನಲ್ಲಿಯೇ ಉಳಿದು, ಮುಂದಿನ ಕಾಡತೂಸು ಅದರ ಬೆನ್ನಿಗೆ ಬಂದು ಗುದ್ದಿದ್ದರೆ ಬಿಡಿಸುವ ಕ್ರಮ ಬೇರೆ. ಸ್ಲೈಡನ್ನು ಹಿಂದೆ ನಿಲ್ಲಿಸಿ, ಮ್ಯಾಗಜೀನನ್ನು ಬಲವಾಗಿ ಎಳೆದು ತೆಗೆದು, ಸ್ಲೈಡನ್ನು ಎರಡು ಮೂರು ಸಲ ಪೂರ್ತಿ ಎಳೆದು ಬಿಟ್ಟರೆ ಸಾಮಾನ್ಯವಾಗಿ ಕೋಶ ಹೊರಬರುತ್ತದೆ. ಬರದಿದ್ದರೆ ಚಾಕು, ಸ್ಕ್ರೂಡ್ರೈವರ್ ಮುಟ್ಟಬೇಡಿ. ಒಳಗೆ ಜೀವಂತ ಕಾಡತೂಸಿದ್ದರಂತೂ ಖಂಡಿತ ಬೇಡ. ಹೊರಬಂದ ಕೋಶದ ಅಂಚನ್ನು ನೋಡಿ. ಅಂಚು ಹರಿದಿದ್ದರೆ ಕೋಶ ಚೇಂಬರಿಗೆ ಅಂಟಿಕೊಂಡಿತ್ತು, ಅಂದರೆ ಕೊಳೆ ಅಥವಾ ಮಿತಿಮೀರಿದ ಒತ್ತಡ. ಅಂಚಿನ ಮೇಲೆ ಗೀರೂ ಇಲ್ಲದಿದ್ದರೆ ಕೋಶವನ್ನು ಎಳೆಯುವ ಕೊಕ್ಕೆ ಹಿಡಿಯಲೇ ಇಲ್ಲ. ಕೊಕ್ಕೆಯ ಕೆಳಗೆ ಹಿತ್ತಾಳೆಯ ಪುಡಿ, ಮಸಿ ಗಟ್ಟಿಯಾಗಿ ಕೂತಿರುತ್ತದೆ. ಮರದ ಹಲ್ಲುಕಡ್ಡಿಯಿಂದ ಕೆದಕಿ ತೆಗೆದರೆ ಎಷ್ಟೋ "ರಿಪೇರಿ" ಅಲ್ಲಿಗೇ ಮುಗಿಯುತ್ತದೆ. ಕೊಕ್ಕೆಯ ತುದಿ ಮುರಿದಿದ್ದರೆ ಹೊಸದು ಬೇಕು.

ಕೊನೆಯ ಗುಂಡಿನ ಬಳಿಕ ಸ್ಲೈಡ್ ಹಿಂದೆ ನಿಲ್ಲುತ್ತಿಲ್ಲ

ಹೆಬ್ಬೆರಳನ್ನು ನೋಡಿಕೊಳ್ಳಿ. ಎರಡೂ ಹೆಬ್ಬೆರಳು ಮುಂದೆ ಚಾಚಿ ಹಿಡಿಯುವವರಲ್ಲಿ ಅದು ಸ್ಲೈಡ್ ನಿಲ್ಲಿಸುವ ಸನ್ನೆಗೋಲಿನ ಮೇಲೆ ಕೂತು ಅದನ್ನು ಏಳಗೊಡುವುದಿಲ್ಲ. ಕೆಳಗಿನಿಂದ ತಗುಲಿದರೆ ಉಲ್ಟಾ ತೊಂದರೆ: ಕಾಡತೂಸುಗಳು ಇರುವಾಗಲೇ ಸ್ಲೈಡ್ ಹಿಂದೆ ನಿಲ್ಲುತ್ತದೆ. ಬೆರಳು ತಪ್ಪಿತಸ್ಥನಲ್ಲದಿದ್ದರೆ ಮ್ಯಾಗಜೀನ್ ಸ್ಪ್ರಿಂಗ್.

ಪಿಸ್ತೂಲು ಸರಿಯಿದೆ, ಗುಂಡುಗಳು ಗುರಿಗೆ ಬೀಳುತ್ತಿಲ್ಲ

ಬಲಗೈಯವರ ಗುಂಡುಗಳು ಕೆಳಗೆ ಎಡಕ್ಕೆ, ಎಡಗೈಯವರವು ಕೆಳಗೆ ಬಲಕ್ಕೆ ಗುಂಪುಗೂಡಿದರೆ ಸೈಟ್ (ಪಿಸ್ತೂಲಿನ ಮೇಲೆ ಗುರಿ ಹಿಡಿಯಲು ಇರುವ ಗುರುತು) ತಿರುಗಿಸುವ ಸ್ಕ್ರೂಡ್ರೈವರನ್ನು ಪೆಟ್ಟಿಗೆಯಲ್ಲೇ ಬಿಡಿ. ಒದೆತ ಬರುತ್ತದೆಂದು ಮನಸ್ಸು ಮೊದಲೇ ಎಣಿಸಿ ಕೈ ಕೆಳಕ್ಕೆ ತಳ್ಳುತ್ತದೆ. ಟ್ರಿಗರ್ ಎಳೆಯುವ ಬೆರಳಿನ ಜೊತೆ ಇಡೀ ಮುಷ್ಟಿ ಬಿಗಿಯುತ್ತದೆ. ಸಿಡಿದಾಗ ಒದೆತ ಇದೆಲ್ಲವನ್ನೂ ಮುಚ್ಚಿಹಾಕುವುದರಿಂದ ಶೂಟರ್‌ಗೆ ತನ್ನ ಕೈ ಮಾಡಿದ್ದು ಕಾಣುವುದೇ ಇಲ್ಲ.

ಕಾಣಿಸುವಂತೆ ಮಾಡುವುದು ಸುಲಭ. ಮದ್ದಿಲ್ಲದ ಡಮ್ಮಿ ಕಾಡತೂಸುಗಳನ್ನು ಜೀವಂತ ಕಾಡತೂಸುಗಳ ನಡುವೆ ಬೆರೆಸಿ ಮ್ಯಾಗಜೀನ್ ತುಂಬಿಕೊಡಲು ಸ್ನೇಹಿತರಿಗೆ ಹೇಳಿ. ಯಾವುದು ಎಲ್ಲಿದೆ ಎಂದು ನಿಮಗೆ ತಿಳಿಯಬಾರದು. ಡಮ್ಮಿಯ ಸರದಿ ಬಂದಾಗ "ಟಕ್" ಎನ್ನುತ್ತದೆ, ಸದ್ದಿಲ್ಲ, ಹೊಗೆಯಿಲ್ಲ. ಆ ಕ್ಷಣದಲ್ಲಿ ಮುಂದಿನ ಸೈಟ್ ಹಿಂದಿನ ಸೈಟಿನ ಸೀಳಿನಿಂದ ಕೆಳಕ್ಕೆ ಮುಳುಗುವುದು, ಮುಂಗೈಯ ನರ ಉಬ್ಬುವುದು, ರೆಪ್ಪೆ ಮುಚ್ಚುವುದು ಎಲ್ಲವೂ ಬಯಲಾಗುತ್ತದೆ. ಮೊದಲ ಸಲ ನೋಡಿದವರಿಗೆ ನಂಬಲಾಗುವುದಿಲ್ಲ. ನಾನಂತೂ ಯಾವ ದುಬಾರಿ ಉಪಕರಣಕ್ಕೂ ಮೊದಲು ಒಂದು ಹಿಡಿ ಡಮ್ಮಿಗಳನ್ನು ಕೊಳ್ಳಿರಿ ಎನ್ನುತ್ತೇನೆ. ಆದರೆ ಇಲ್ಲೊಂದು ಎಚ್ಚರಿಕೆಯಿದೆ: "ಟಕ್" ಎಂದದ್ದು ಡಮ್ಮಿಯೇ ಹೊರತು ಸಿಡಿಯದ ಜೀವಂತ ಕಾಡತೂಸಲ್ಲ ಎಂದು ಖಚಿತವಿಲ್ಲದಿದ್ದರೆ ಇಲ್ಲಿಯೂ 30 ಸೆಕೆಂಡು ಕಾಯಬೇಕು.

ಗುಂಡುಗಳು ಎಲ್ಲೆಂದರಲ್ಲಿ ಚೆದುರಿದರೆ ಕಣ್ಣಿನ ಗಮನ ಎಲ್ಲಿದೆ ಎಂದು ಕೇಳಿಕೊಳ್ಳಿ. ಮುಂದಿನ ಸೈಟ್ ಸ್ಪಷ್ಟವಾಗಿ ಕಾಣಬೇಕು, ಗುರಿಹಾಳೆ ಮಸುಕಾಗಿರಬೇಕು. ಇದರ ಹಿಂದೆ ಸರಳ ಲೆಕ್ಕವಿದೆ. ಎರಡು ಸೈಟ್‌ಗಳ ನಡುವೆ 150 ಮಿ.ಮೀ. ಅಂತರವಿದ್ದರೆ, ಜೋಡಣೆಯಲ್ಲಿ 1 ಮಿ.ಮೀ. ತಪ್ಪು 25 ಮೀಟರ್ ದೂರದಲ್ಲಿ ಸುಮಾರು 167 ಮಿ.ಮೀ. ಆಗುತ್ತದೆ. 25 ಮೀಟರ್ ನಿಖರ ಶೂಟಿಂಗ್ ಗುರಿಹಾಳೆಯಲ್ಲಿ ಹತ್ತು ಅಂಕದ ವೃತ್ತದ ಅಗಲ ಬರೀ 50 ಮಿ.ಮೀ. ಕೈ ಒಂದಿಷ್ಟು ತೂಗಾಡಿದರೆ ಅಷ್ಟು ನಷ್ಟವಿಲ್ಲ. ಸೈಟ್‌ಗಳು ಪರಸ್ಪರ ಕದಲಿದರೆ ಹತ್ತು ಹೋಯಿತು.

ಗುಂಪು ಬಿಗಿಯಾಗಿದೆ, ಆದರೆ ಸದಾ ಒಂದೇ ಕಡೆಗೆ ಸರಿದಿದೆ, ಮರಳಿನ ಚೀಲದ ಆಸರೆಯಲ್ಲಿ ಹಾರಿಸಿದರೂ ಹಾಗೆಯೇ, ಇನ್ನೊಬ್ಬರು ಹಾರಿಸಿದರೂ ಹಾಗೆಯೇ ಎಂದಾದರೆ ಮಾತ್ರ ಸೈಟ್ ಮುಟ್ಟಿ. ಗುಂಡು ಎತ್ತ ಹೋಗಬೇಕೋ ಹಿಂದಿನ ಸೈಟನ್ನು ಅತ್ತಲೇ ಸರಿಸಬೇಕು. ನಿನ್ನೆಯವರೆಗೂ ಸರಿಯಿದ್ದದ್ದು ಇಂದು ಏಕಾಏಕಿ ಚೆದುರಿದರೆ ಸೈಟಿನ ಸ್ಕ್ರೂ ಸಡಿಲಾಗಿದೆಯೇ, ಕಾಡತೂಸಿನ ಬ್ರ್ಯಾಂಡ್ ಬದಲಾಗಿದೆಯೇ ನೋಡಿ. ಹಾಳೆಯ ತೂತು ದುಂಡಗಿರದೆ ಗುಂಡು ಅಡ್ಡಡ್ಡ ಬಿದ್ದ ಗುರುತಿದ್ದರೆ ಅದು ನಳಿಗೆಯ ತಿರುವನ್ನು ಹಿಡಿಯದೆ ಉರುಳುತ್ತಿದೆ: ತಪ್ಪು ಅಳತೆಯ ಗುಂಡು, ನಳಿಗೆಗೆ ಮೆತ್ತಿದ ಸೀಸ, ಅಥವಾ ಸವೆದ ನಳಿಗೆ. ಹಾರಿಸುವುದನ್ನು ನಿಲ್ಲಿಸಿ.

ಮೈಮೇಲೆ ಇಟ್ಟುಕೊಂಡು ಓಡಾಡುವ ಪಿಸ್ತೂಲಿನ ತೊಂದರೆಗಳು

ಪರವಾನಗಿ ಪಡೆದು ಪಿಸ್ತೂಲನ್ನು ಜೊತೆಗಿಟ್ಟುಕೊಳ್ಳುವವರಿಗೆ ರೇಂಜಿನಲ್ಲಿ ಕಾಣದ ಕೆಲವು ದೋಷಗಳಿವೆ. ಬಟ್ಟೆಯ ನೂಲಿನ ಧೂಳು ಎಣ್ಣೆಗೆ ಅಂಟಿ ಟ್ರಿಗರಿನ ಹಿಂದೆ, ಮ್ಯಾಗಜೀನಿನ ಬಾಯಲ್ಲಿ ಸೇರುತ್ತದೆ. ಬೆವರು ಮೈಗೆ ತಗುಲುವ ಬದಿಯಲ್ಲಿ ತುಕ್ಕು ಹಿಡಿಸುತ್ತದೆ. ವಾರಕ್ಕೊಮ್ಮೆ ಒರೆಸಿದರೆ ಸಾಕು.

ಗಂಭೀರವಾದದ್ದು ಇನ್ನೊಂದು. ದಿನವೂ ರಾತ್ರಿ ಖಾಲಿ ಮಾಡಿ ಬೆಳಗ್ಗೆ ಅದೇ ಕಾಡತೂಸನ್ನು ಮತ್ತೆ ಚೇಂಬರಿಗೆ ಏರಿಸುವವರು ಆ ಕಾಡತೂಸನ್ನು ಹೊಸದೊಂದರ ಪಕ್ಕದಲ್ಲಿ ನಿಲ್ಲಿಸಿ ನೋಡಬೇಕು. ಪ್ರತಿ ಸಲ ಇಳಿಜಾರಿಗೆ ಗುದ್ದಿ ಗುದ್ದಿ ಗುಂಡು ಕೋಶದೊಳಗೆ ಒಂದಿಷ್ಟು ಜಾರಿರುತ್ತದೆ. ಒಳಗಿನ ಜಾಗ ಕಡಿಮೆಯಾದರೆ ಸಿಡಿದಾಗ ಒತ್ತಡ ಏರುತ್ತದೆ. ಎತ್ತರದಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸವಿದ್ದರೆ ಅದನ್ನು ಹಾರಿಸಬೇಡಿ.

ಚರ್ಮದ ಹೋಲ್ಸ್ಟರ್ ಹಳತಾಗಿ ಮೆತ್ತಗಾದರೆ ಅದರ ಬಾಯಂಚು ಒಳಕ್ಕೆ ಮಡಚಿ ಟ್ರಿಗರ್ ಕಾವಲಿನೊಳಗೆ ನುಗ್ಗಬಹುದು. ಪಿಸ್ತೂಲನ್ನು ಒಳಗಿಡುವಾಗ ಆ ಮಡಿಕೆಯೇ ಬೆರಳಿನ ಕೆಲಸ ಮಾಡುತ್ತದೆ. ಜಾಕೆಟ್ಟಿನ ದಾರದ ತುದಿಯೂ ಅಷ್ಟೇ. ಒಳಗಿಡುವಾಗ ನೋಡಿಕೊಂಡು, ನಿಧಾನವಾಗಿ ಇಡಿ. ತಡೆ ಕಂಡರೆ ಒತ್ತಬೇಡಿ. ಮೆತ್ತಗಾದ ಹೋಲ್ಸ್ಟರನ್ನು ಎಸೆಯಿರಿ.

ರಿವಾಲ್ವರ್ ಆದರೆ

ಸಿಲಿಂಡರ್ (ಕಾಡತೂಸುಗಳನ್ನು ಹೊತ್ತು ತಿರುಗುವ ಉರುಳೆ) ತಿರುಗಲು ಬಿಗಿಯಾಗಿದ್ದರೆ ಮೊದಲು ಕೋಶಗಳನ್ನು ಹೊರತಳ್ಳುವ ನಕ್ಷತ್ರಾಕಾರದ ಭಾಗದ ಕೆಳಗೆ ನೋಡಿ. ಉರಿಯದ ಮದ್ದಿನ ಒಂದೆರಡು ಕಾಳು ಅಲ್ಲಿ ಸೇರಿದರೆ ಸಾಕು, ಸಿಲಿಂಡರ್ ಮುಚ್ಚುವುದೇ ಕಷ್ಟ. ಹಳೆಯ ಹಲ್ಲುಜ್ಜುವ ಬ್ರಷ್ಷೇ ಇದಕ್ಕೆ ಪರಿಹಾರ. ಕೋಶ ತೆಗೆಯುವಾಗ ನಳಿಗೆಯನ್ನು ಮೇಲ್ಮುಖವಾಗಿ ಹಿಡಿದರೆ ಕಾಳುಗಳು ಕೋಶಗಳೊಂದಿಗೇ ಕೆಳಗೆ ಬೀಳುತ್ತವೆ. ಸಿಲಿಂಡರ್ ತೆರೆಯಲೇ ಬಾರದಿದ್ದರೆ ಹೊರತಳ್ಳುವ ಸರಳಿನ ತಿರುಪು ಸಡಿಲಾಗಿರಬಹುದು. ಹಗುರ ರಿವಾಲ್ವರಿನಲ್ಲಿ ಬಲವಾದ ಕಾಡತೂಸು ಹಾರಿಸಿದರೆ ಒದೆತಕ್ಕೆ ಉಳಿದ ಗುಂಡುಗಳು ಕೋಶದಿಂದ ಮುಂದಕ್ಕೆ ಜಾರಿ ಸಿಲಿಂಡರಿಗೆ ಅಡ್ಡಬರುವುದೂ ಉಂಟು.

ಪಕ್ಕದಲ್ಲಿ ನಿಂತವರಿಗೆ ಸೀಸದ ಚೂರು ಚುಚ್ಚಿದಂತಾದರೆ ಸಿಲಿಂಡರಿನ ಕೋಣೆ ನಳಿಗೆಗೆ ನೇರವಾಗಿ ಕೂರುತ್ತಿಲ್ಲ. ಖಾಲಿ ರಿವಾಲ್ವರಿನ ಸುತ್ತಿಗೆಯನ್ನು ನಿಧಾನವಾಗಿ ಹಿಂದೆಳೆಯಿರಿ. ಸುತ್ತಿಗೆ ಪೂರ್ತಿ ಹಿಂದೆ ನಿಲ್ಲುವ ಹೊತ್ತಿಗೆ ಸಿಲಿಂಡರ್ ಕಚ್ಚಿಕೊಂಡಿರಬೇಕು. ಪ್ರತಿ ಕೋಣೆಗೂ ಹೀಗೆ ನೋಡಿ. ಒಂದರಲ್ಲಾದರೂ ಕಚ್ಚದಿದ್ದರೆ ರಿಪೇರಿಯವರಲ್ಲಿಗೆ. ಹಾರಿಸುವಾಗ ಬೆರಳು ಸಿಲಿಂಡರಿನ ಮುಂಭಾಗದ ಸಂದಿಯ ಹತ್ತಿರ ಎಂದೂ ಬರಬಾರದು. ಅಲ್ಲಿಂದ ಹೊರನುಗ್ಗುವ ಬಿಸಿ ಅನಿಲ ಮಾಂಸ ಸೀಳುತ್ತದೆ.

ಇನ್ನೊಂದು ಗುಂಡನ್ನೂ ಹಾರಿಸದೆ ನಿಲ್ಲಿಸಬೇಕಾದ ಲಕ್ಷಣಗಳು

ಒಮ್ಮೆ ಟ್ರಿಗರ್ ಎಳೆದರೆ ಎರಡು ಗುಂಡು ಹೋದವು. ಸ್ಲೈಡ್ ಮುಚ್ಚುತ್ತಲೇ ತಾನಾಗಿ ಸಿಡಿಯಿತು. ಸುರಕ್ಷತಾ ಗುಂಡಿ ಹಾಕಿದ್ದರೂ ಸುತ್ತಿಗೆ ಬಿತ್ತು. ಇವೆಲ್ಲ ಒಳಗಿನ ಹಿಡಿತದ ಭಾಗಗಳು ಸವೆದಿರುವ, ಅಥವಾ ಯಾರೋ ಉಜ್ಜಿ ಕೆಡಿಸಿರುವ ಗುರುತು. ಟ್ರಿಗರ್ ಹಗುರವಾಗಲೆಂದು ಮನೆಯಲ್ಲಿ ಉಜ್ಜುವುದನ್ನು ನಾನು ಯಾವ ಕಾರಣಕ್ಕೂ ಒಪ್ಪುವುದಿಲ್ಲ. ಅಂತರರಾಷ್ಟ್ರೀಯ ನಿಯಮದಲ್ಲಿ 25 ಮೀಟರ್ ಸ್ಪೋರ್ಟ್ ಪಿಸ್ತೂಲಿನ ಟ್ರಿಗರಿಗೆ ಕನಿಷ್ಠ 1000 ಗ್ರಾಂ ತೂಕ ಇರಲೇಬೇಕು. ಅಷ್ಟು ತೂಕದಲ್ಲಿಯೇ ಒಲಿಂಪಿಕ್ ಪದಕಗಳು ಬಂದಿವೆ.

ಖಾಲಿ ಕೋಶಗಳೂ ಎಚ್ಚರಿಸುತ್ತವೆ. ಬುಡದ ಬಳಿ ಉಬ್ಬು, ಪ್ರೈಮರಿನಲ್ಲಿ ತೂತು, ಪ್ರೈಮರ್ ಅಂಚಿನವರೆಗೂ ಚಪ್ಪಟೆಯಾಗಿರುವುದು, ಕೋಶದಲ್ಲಿ ಸೀಳು ಇವೆಲ್ಲ ಒತ್ತಡ ಮಿತಿ ಮೀರಿದ್ದನ್ನು ಅಥವಾ ಸ್ಲೈಡ್ ಪೂರ್ತಿ ಮುಚ್ಚದೆ ಸಿಡಿದದ್ದನ್ನು ಸೂಚಿಸುತ್ತವೆ. ನಳಿಗೆಯಲ್ಲಿ ಉಂಗುರದಂಥ ಉಬ್ಬು, ಸ್ಲೈಡಿನಲ್ಲಿ ಬಿರುಕು ಕಂಡರೆ ಮಾತಾಡುವುದಕ್ಕೇನೂ ಇಲ್ಲ, ಆ ಪಿಸ್ತೂಲು ಪೆಟ್ಟಿಗೆಗೆ ಹೋಗಬೇಕು.

ರಿಪೇರಿಯವರ ಬಳಿಗೆ ಬರಿ ಪಿಸ್ತೂಲು ಒಯ್ದು "ಸರಿಯಾಗಿ ಕೆಲಸ ಮಾಡುತ್ತಿಲ್ಲ" ಎಂದರೆ ಅವರು ಮೊದಲಿನಿಂದ ಹುಡುಕಬೇಕಾಗುತ್ತದೆ. ಪಿಸ್ತೂಲನ್ನು ಖಾಲಿ ಮಾಡಿ ಪೆಟ್ಟಿಗೆಯಲ್ಲಿಟ್ಟು, ಸಂಖ್ಯೆ ಬರೆದ ಮ್ಯಾಗಜೀನುಗಳನ್ನೂ, ತೊಂದರೆ ಬಂದಾಗಿನ ಖಾಲಿ ಕೋಶಗಳನ್ನೂ, ಕಾಡತೂಸಿನ ಪೆಟ್ಟಿಗೆಯ ಮೇಲಿನ ಬ್ರ್ಯಾಂಡ್ ಮತ್ತು ತಯಾರಿಕೆಯ ಸರದಿ ಸಂಖ್ಯೆಯನ್ನೂ ಒಯ್ಯಿರಿ. ಎಷ್ಟನೆಯ ಗುಂಡಿಗೆ ನಿಂತಿತು, ಯಾವ ಮ್ಯಾಗಜೀನ್, ಸ್ಲೈಡ್ ಎಲ್ಲಿತ್ತು ಎಂದು ಒಂದು ಚೀಟಿಯಲ್ಲಿ ಬರೆದುಕೊಡಿ; ಸಿಕ್ಕಿಕೊಂಡ ಸ್ಥಿತಿಯ ಫೋಟೊವನ್ನು ರೇಂಜ್ ಅಧಿಕಾರಿಯ ಒಪ್ಪಿಗೆಯಿಂದ ತೆಗೆದಿದ್ದರೆ ಇನ್ನೂ ಒಳ್ಳೆಯದು. ಸಿಡಿಯದ ಕಾಡತೂಸುಗಳನ್ನು ಮನೆಗೆ ಒಯ್ಯಬೇಡಿ, ಕಸಕ್ಕೆ ಹಾಕಬೇಡಿ, ಒಳಗೇನಿದೆ ನೋಡೋಣವೆಂದು ಬಿಚ್ಚಲೂ ಬೇಡಿ. ಅವುಗಳ ಬುಡದ ತಗ್ಗನ್ನು ನೋಡಿಕೊಂಡು ರೇಂಜಿನ ಸಿಡಿಯದ ಕಾಡತೂಸುಗಳ ಡಬ್ಬಿಗೆ ಹಾಕಿ. ಹೊರಡುವ ಮೊದಲು ಕೈಯನ್ನೂ ಮುಖವನ್ನೂ ಸಾಬೂನು ಹಾಕಿ ತಣ್ಣೀರಿನಲ್ಲಿ ತೊಳೆದುಕೊಳ್ಳಿ. ಪ್ರೈಮರಿನ ಹೊಗೆಯಲ್ಲಿಯೂ ಗುಂಡಿನಲ್ಲಿಯೂ ಸೀಸವಿರುತ್ತದೆ, ತೊಳೆಯದ ಕೈಯಿಂದ ಅದು ಊಟದ ಜೊತೆ ಹೊಟ್ಟೆಗೆ ಹೋಗುತ್ತದೆ.